ನೀರೊಳಗಿದ್ದೂ ಬೆವರಿದವನ ಧೈರ್ಯ

ಪ್ರಶ್ನೆ: ಸರ್, ನಮ್ಮೂರು ಕಾರಟಗಿ ಹತ್ತಿರ. ನನ್ನ ತಮ್ಮ 17 ವರ್ಷ ಮಿಲಿಟ್ರಿಯಲ್ಲಿದ್ದು ಮುಂದಿನ ತಿಂಗಳು ನಿವೃತ್ತನಾಗಿ ಊರಿಗೆ ಬರುತ್ತಿದ್ದಾನೆ. ಊರವರು ಸನ್ಮಾನ ಇಟ್ಟುಕೊಂಡಿದ್ದಾರೆ. ಯೋಧರ ಬಗ್ಗೆ ಒಂದು ಪದ್ಯ ಓದಬೇಕು ಅಂತ ನನಗೆ ಹೇಳಿದ್ದಾರೆ. ತಮ್ಮನಿಗೆ ಫೋನಿನಲ್ಲಿ ಹೇಳಿದರೆ ನಕ್ಕುಬಿಟ್ಟ. ‘ಎದೆಯೊಡ್ಡಿ ನಿಂತ, ಸಾವಿಗಂಜದ ಸಿಂಹ ಅನ್ನೋದೆಲ್ಲ ಓದಬ್ಯಾಡ ಅಕ್ಕ. ಗುಂಡು ಬಂದ್ರೆ ನಾವು ಮೊದಲು ನೆಲಕ್ಕೆ ಬೀಳ್ತೀವಿ’ ಅಂದ. ನಮ್ಮ ಕಾವ್ಯಗಳು ಸೈನಿಕನ ಧೈರ್ಯ, ಕರ್ತವ್ಯವನ್ನು ಹೀಗೆ ಉಬ್ಬಿಸಿಯೇ ಹೇಳುತ್ತವಾ? ನಿಜಕ್ಕೆ ಹತ್ತಿರ ಇರೋದು ಏನಾದರೂ ಇದೆಯಾ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಸರಿ ಇದೆ ತಂಗಿ. ಆ ಮಾತನ್ನು ರನ್ನ ಕೇಳಿದ್ದರೂ ಒಪ್ಪುತ್ತಿದ್ದ ಅಂತ ನನಗೆ ಅನಿಸುತ್ತದೆ. ಅದಕ್ಕೇ ರನ್ನನಿಂದಲೇ ಶುರು ಮಾಡುತ್ತೇನೆ.

ರನ್ನ ಮುಧೋಳದವನು, ಹತ್ತನೇ ಶತಮಾನದ ಕೊನೆಯ ಭಾಗದ ಕವಿ. ಅವನ ‘ಗದಾಯುದ್ಧ’ದಲ್ಲಿ ಯುದ್ಧ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ದುರ್ಯೋಧನನ ಕಡೆ ಎಲ್ಲರೂ ಸತ್ತಿದ್ದಾರೆ. ಭೀಷ್ಮರ ಮಾತಿನಂತೆ ಅವನು ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿ ಕೂತಿದ್ದಾನೆ. ದಡದ ಮೇಲೆ ಭೀಮ ಬಂದು ನಿಂತು ಕೂಗುತ್ತಾನೆ. ಆಗಿನ ಪದ್ಯ ಇದು:

ಆ ರವಮಂ ನಿರ್ಜಿತಕಂಠೀ
ರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ಸಿಂಹದ ಗರ್ಜನೆಯನ್ನು, ಮೋಡದ ಗುಡುಗನ್ನು ಮೀರಿಸಿದ ಆ ಕೂಗು ಕೇಳಿ, ಸಿಟ್ಟಿನಿಂದ ಕಣ್ಣು ಕೆಂಪಾದ ಆ ಹಾವಿನ ಬಾವುಟದವನು ನೀರೊಳಗಿದ್ದೂ ಬೆವರಿದ. ಇಷ್ಟೇ ಅರ್ಥ. ಓದುವಾಗ ‘ರವ’ ಅನ್ನೋ ಸದ್ದು ಮತ್ತೆ ಮತ್ತೆ ಬಂದು ಬಡಿಯುತ್ತದೆ, ಗಮನಿಸಿ. ಭೀಮನ ಕೂಗು ನೀರಿನ ಮೇಲೆ ಅಲೆಯಲೆಯಾಗಿ ಬಂದ ಹಾಗೆ.

ನಾನು 30 ವರ್ಷ ಪಾಠ ಮಾಡಿದವನು. ಪ್ರತಿ ವರ್ಷವೂ ಹುಡುಗರನ್ನು ಕೇಳುತ್ತಿದ್ದೆ: ದುರ್ಯೋಧನ ಹೆದರಿ ಬೆವರಿದನಾ, ಸಿಟ್ಟಿಗೆ ಬೆವರಿದನಾ? ಅರ್ಧ ಕ್ಲಾಸು ಹಾಗೆ, ಅರ್ಧ ಕ್ಲಾಸು ಹೀಗೆ. ಪಂಡಿತರೂ ಹಾಗೇ ಜಗಳಾಡಿದ್ದಾರೆ. ರನ್ನ ಮಾತ್ರ ಬಾಯಿ ಬಿಡೋದಿಲ್ಲ. ಕಣ್ಣು ಕೆಂಪಾಗಿದೆ ಅಂತಾನೆ, ಮೈ ಬೆವರಿದೆ ಅಂತಾನೆ, ಎರಡನ್ನೂ ಒಂದೇ ಪದ್ಯದಲ್ಲಿ ಇಟ್ಟು ಸುಮ್ಮನಾಗುತ್ತಾನೆ. ಆಮೇಲೆ ದುರ್ಯೋಧನ ನೀರಿನಿಂದ ಎದ್ದು ಬರುತ್ತಾನೆ, ಗದೆ ಹಿಡಿಯುತ್ತಾನೆ. ನನ್ನ ಪ್ರಕಾರ ಧೈರ್ಯ ಆ ಎದ್ದು ಬರೋದರಲ್ಲಿದೆ. ಬೆವರು ಬಂತೋ ಇಲ್ಲವೋ ಅನ್ನೋದರಲ್ಲಿ ಅಲ್ಲ. ನಿಮ್ಮ ತಮ್ಮನವರು ನೆಲಕ್ಕೆ ಬೀಳೋದೂ ಅದೇ ಅಲ್ವಾ? ಬಿದ್ದವರು ಮತ್ತೆ ಏಳುತ್ತಾರೆ.

ಅದೇ ಕಾವ್ಯದಲ್ಲಿ ಇದಕ್ಕೂ ಮುಂಚೆ ಒಂದು ಜಾಗ ಬರುತ್ತದೆ. ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರೂ ಎದುರಾಗುತ್ತಾರೆ. ಸ್ವಂತ ಮಗ ಲಕ್ಷಣಕುಮಾರನ ಹೆಣ ಕಂಡಾಗ ಅವನು ಹೇಳೋದನ್ನು ಕೇಳಿ: ‘ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ’. ಅಪ್ಪನಿಗೆ ಮಗ ಎಳ್ಳುನೀರು ಬಿಡೋದು ಲೋಕದ ರೀತಿ. ಈಗ ನಿನಗೆ ನಾನು ಬಿಡೋ ಹಾಗಾಯಿತಲ್ಲೋ, ಮಗನೇ, ಕ್ರಮವನ್ನೇ ತಿರುಗುಮುರುಗು ಮಾಡಿಬಿಟ್ಟೆಯಲ್ಲೋ ಅಂತಾನೆ. ಇಲ್ಲಿ ಯುದ್ಧದ ವೈಭವ ಎಲ್ಲಿದೆ ಹೇಳಿ?

ಅಲ್ಲೇ ಅಭಿಮನ್ಯುವಿನ ಹೆಣವೂ ಇದೆ. ಲಕ್ಷಣನನ್ನು ಕೊಂದವನೇ ಅಭಿಮನ್ಯು. ಬೇರೆ ಯಾವ ಕವಿಯಾದರೂ ಅಪ್ಪನ ಬಾಯಲ್ಲಿ ಒಂದು ಶಾಪ ಹಾಕಿಸುತ್ತಿದ್ದ. ರನ್ನನ ದುರ್ಯೋಧನ ಕೈ ಮುಗಿಯುತ್ತಾನೆ. ನಿನ್ನಂಥ ಪರಾಕ್ರಮ ಬೇರೆಯವರಿಗೆ ಆಗದ ಮಾತು, ನಿನ್ನನ್ನು ಬೇಡೋದು ಇಷ್ಟೇ ಅಂತ ಶುರು ಮಾಡಿ, ‘ನಿಜಸಾಹಸೈಕದೇಶಾನುಮರಣಮೆಮಗಕ್ಕೆ ಗಡಾ’ ಅಂತಾನೆ. ನಿನ್ನ ಸಾಹಸದ ಒಂದು ಚೂರಾದರೂ ಇರುವಂಥ ಸಾವು ನನಗೂ ಬರಲಿ. ಮಗನನ್ನು ಕೊಂದವನ ಹತ್ತಿರ ಬೇಡುವ ಮಾತು ಇದು. ಸೈನಿಕ ಇನ್ನೊಬ್ಬ ಸೈನಿಕನನ್ನು ನೋಡುವ ಕಣ್ಣು ಬೇರೆ ಇರುತ್ತದೆ. ಗಡಿಯಲ್ಲಿ ಕಾಲ ಕಳೆದ ನಿಮ್ಮ ತಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕರ್ತವ್ಯದ ಮಾತು. ನಮ್ಮ ಹಳೆಯ ಕಾವ್ಯ, ಶಾಸನಗಳಲ್ಲಿ ಸೈನಿಕನ ಕರ್ತವ್ಯಕ್ಕೆ ಒಂದು ಅಚ್ಚಗನ್ನಡದ ಹೆಸರಿದೆ: ಜೋಳದ ಪಾಳಿ. ಜೋಳವಾಳಿ ಅಂತಲೂ ಅನ್ನುತ್ತಾರೆ. ಪಾಳಿ ಅಂದರೆ ಕಟ್ಟಳೆ. ಯಾರ ಜೋಳ ಉಂಡೆಯೋ ಅವರಿಗೆ ಕಷ್ಟ ಬಂದಾಗ ನಿನ್ನ ಜೀವ ಕೊಟ್ಟು ತೀರಿಸಬೇಕು ಅನ್ನೋ ಕಟ್ಟಳೆ. ಇದರ ಜೊತೆಗೆ ವೇಳೆವಾಳಿ ಅಂತ ಇನ್ನೊಂದು. ಹೊತ್ತು ಬಂದಾಗ ಹಿಂದೆ ಸರಿಯೋದಿಲ್ಲ ಅಂತ ಮೊದಲೇ ಮಾತು ಕೊಟ್ಟಿರೋದು. ನೋಡಿ, ಚಿನ್ನದ ಪಾಳಿ ಅನ್ನಲಿಲ್ಲ, ಖಡ್ಗದ ಪಾಳಿ ಅನ್ನಲಿಲ್ಲ. ಜೋಳ ಅಂದರು. ನಿಮ್ಮ ಕಡೆ ತುಂಗಭದ್ರಾ ಕಾಲುವೆ ಬಂದ ಮೇಲೆ ಭತ್ತವೇ ಜಾಸ್ತಿ. ಆದರೂ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯವರಿಗೆ ಈ ಮಾತು ನೇರ ಹೊಟ್ಟೆಗೆ ತಾಗುತ್ತದೆ. ನಮ್ಮಲ್ಲಿ ಊಟ ಅಂದರೇ ರೊಟ್ಟಿ.

ಈ ಋಣದ ಮಾತನ್ನು ಕುಮಾರವ್ಯಾಸನಷ್ಟು ಚೆನ್ನಾಗಿ ಯಾರೂ ಹೇಳಿಲ್ಲ. ಗದುಗಿನ ಕಡೆಯವನು. ಅವನ ಭಾರತದಲ್ಲಿ ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು, ನೀನು ಕುಂತಿಯ ಹಿರಿಮಗ, ಪಾಂಡವರು ನಿನ್ನ ತಮ್ಮಂದಿರು, ರಾಜ್ಯ ನಿನ್ನದೇ ಅಂತ ಹೇಳುತ್ತಾನೆ. ಕರ್ಣನ ಕೊರಳಿನ ಸೆರೆ ಉಬ್ಬುತ್ತದೆ, ಕಣ್ಣಲ್ಲಿ ನೀರು ನುಗ್ಗುತ್ತದೆ. ರಾಜ್ಯ ಸಿಕ್ಕಿತು ಅನ್ನೋ ಖುಷಿ ಅಲ್ಲ. ‘ಕುರುಪತಿಗೆ ಕೇಡಾದುದು’ ಅಂತ ಒಳಗೇ ನೋಯುತ್ತಾನೆ. ಕೊನೆಗೆ ಅವನು ಕೊಡುವ ಉತ್ತರ:

ಮಾರಿಗೌತಣವಾಯ್ತು ನಾಳಿನ
ಭಾರತವು ಚತುರಂಗ ಬಲದಲಿ
ಕೌರವನ ಋಣ ಹಿಂಗೆ ರಣದಲಿ ಸುಭಟ ಕೋಟಿಯನು
ತೀರಿಸಿಯೆ ಪತಿಯವಸರಕ್ಕೆ ಶ
ರೀರವನು ನೂಕುವೆನು ನಿನ್ನಯ
ವೀರರೈವರ ನೋಯಿಸೆನು ರಾಜೀವಸಖನಾಣೆ

ಸ್ವಲ್ಪ ನಿಧಾನಕ್ಕೆ ನೋಡೋಣ. ನಾಳೆಯ ಯುದ್ಧ ಅಂದರೆ ಮಾರಿಗೆ ಔತಣ. ಊರಲ್ಲಿ ಮಾರಿಹಬ್ಬ ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಲಿ ಬೀಳೋದು ಯಾರು ಅಂತ ಕರ್ಣನಿಗೆ ಗೊತ್ತು. ಗೆಲ್ಲುತ್ತೇನೆ ಅಂತ ಒಂದು ಮಾತೂ ಇಲ್ಲ. ‘ಕೌರವನ ಋಣ ಹಿಂಗೆ’, ಅಂದರೆ ಕೌರವನ ಋಣ ತೀರುವ ಹಾಗೆ ಕಾದಾಡುತ್ತೇನೆ. ಆಮೇಲೆ ಬರೋ ಮಾತು ‘ಶರೀರವನು ನೂಕುವೆನು’. ಪ್ರಾಣ ಅರ್ಪಿಸುತ್ತೇನೆ ಅಂತ ಅನ್ನಬಹುದಿತ್ತು. ನೂಕುತ್ತೇನೆ ಅಂತಾನೆ. ಕೆಸರಲ್ಲಿ ಸಿಕ್ಕ ಬಂಡಿಯನ್ನು ನೂಕಿದ ಹಾಗೆ. ಮನಸ್ಸು ಆ ಕಡೆ ತಮ್ಮಂದಿರ ಹತ್ತಿರ ಇದೆ, ಮೈಯನ್ನು ಮಾತ್ರ ಈ ಕಡೆಗೆ ನೂಕಬೇಕು. ಪದ್ಯದಲ್ಲಿ ಆ ‘ಶ’ ಒಂದು ಸಾಲಿನ ಕೊನೆಗೆ, ‘ರೀರ’ ಮುಂದಿನ ಸಾಲಿಗೆ ಒಡೆದುಹೋಗಿದೆ. ಷಟ್ಪದಿಯಲ್ಲಿ ಹೀಗೆ ಒಡೆಯೋದು ಮಾಮೂಲು, ನಿಜ. ಆದರೂ ಇಲ್ಲಿ ಶರೀರವೇ ಎರಡು ತುಂಡಾಗಿ ಬಿದ್ದಿದೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ಕೊನೆಗೆ ಆಣೆ ಯಾರ ಮೇಲೆ? ರಾಜೀವಸಖ, ತಾವರೆಯ ಗೆಳೆಯ ಸೂರ್ಯನ ಮೇಲೆ. ತನ್ನ ಹುಟ್ಟು ಆಗತಾನೆ ತಿಳಿದಿದೆ, ಹೆತ್ತ ತಂದೆಯ ಮೇಲೆಯೇ ಆಣೆ ಇಡುತ್ತಾನೆ.

ಪಂಪನಿಗೂ ಕರ್ಣನೇ ಇಷ್ಟ. 941ರಲ್ಲಿ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ ನಾಯಕ ಅರ್ಜುನ. ಆದರೂ ಭಾರತದಲ್ಲಿ ಯಾರನ್ನಾದರೂ ನೆನೆಯೋದಾದರೆ ‘ಕರ್ಣನಂ ನೆನೆಯ’ ಅಂತ ಬರೆದುಬಿಟ್ಟ. ಕುಲ ಕೇಳಿ ಹಂಗಿಸಿದವರಿಗೆ ಪಂಪನ ಕರ್ಣ ‘ಕುಲಂ ಕುಲಮಲ್ತು ಚಲಂ ಕುಲಂ’ ಅಂತ ತಿರುಗಿಸಿ ಹೇಳುತ್ತಾನೆ. ಅದೇ ಪದ್ಯದಲ್ಲಿ ‘ಅಣ್ಮು ಕುಲಂ’ ಅಂತಲೂ ಇದೆ. ಅಣ್ಮು ಅಂದರೆ ಪರಾಕ್ರಮ. ಆ ಪದ ಈಗ ನಮ್ಮ ಬಾಯಿಂದ ಮರೆಯಾಗಿದೆ, ಛಲ ಉಳಿದಿದೆ.

ಇವೆಲ್ಲ ರಾಜರ, ಮಹಾರಥಿಗಳ ಕಥೆ. ಸಾದಾ ಆಳಿನ ಕಥೆ ಎಲ್ಲಿ ಅಂತ ನೀವು ಕೇಳಬಹುದು. ಅದು ಓಲೆಗರಿಯಲ್ಲಿ ಕಡಿಮೆ, ಕಲ್ಲಿನ ಮೇಲೆ ಜಾಸ್ತಿ. ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಕೆರೆ ಏರಿಯ ಕೆಳಗೆ ಒಂದು ವೀರಗಲ್ಲಿದೆ. ಮೊದಲ ಸಲ ನೋಡಿದಾಗ ಸುಣ್ಣ ಬಳಿದಿದ್ದರು, ಎಣ್ಣೆ ಜಿಡ್ಡು ಬೇರೆ. ಸಂಜೆಯ ಬಿಸಿಲು ಓರೆಯಾಗಿ ಬೀಳುವ ತನಕ ಕಾದು ಕೂತೆ. ಆಗಲೇ ಗೆರೆಗಳು ಎದ್ದು ಕಾಣೋದು. ಕೆಳಗಿನ ಪಟ್ಟಿಕೆಯಲ್ಲಿ ಒಬ್ಬನೇ ಮನುಷ್ಯ, ಬಿಲ್ಲು ಎಳೆದಿದ್ದಾನೆ, ಮುಂದಿನ ಕಾಲಿನ ಮೊಣಕಾಲು ಬಗ್ಗಿದೆ. ಅವನ ಬೆನ್ನಿಗೆ ಬೆರಳುದ್ದದ ನಾಲ್ಕು ಆಕಳು. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ಅವನ ಎರಡೂ ರಟ್ಟೆ ಹಿಡಿದು ಮೇಲೆ ಒಯ್ಯುತ್ತಿದ್ದಾರೆ, ದಣಿದವನನ್ನು ಎಬ್ಬಿಸಿಕೊಂಡು ಹೋದ ಹಾಗೆ. ಮೇಲಿನದರಲ್ಲಿ ಲಿಂಗ, ನಂದಿ, ಕೈ ಮುಗಿದು ಕೂತ ಅದೇ ಮನುಷ್ಯ. ತುದಿಯಲ್ಲಿ ಸೂರ್ಯ, ಚಂದ್ರ. ಅಕ್ಷರ ಸವೆದುಹೋಗಿ ಅವನ ಹೆಸರು ಸಿಗಲಿಲ್ಲ. ದನ ಕಾಯೋ ಹುಡುಗನೊಬ್ಬ ಬಂದು, ‘ಅವ್ನು ನಮ್ಮೂರ ದನ ಬಿಡಿಸ್ಕೊಂಡು ಬಂದಾನ್ರೀ ಸರ’ ಅಂದ. ಅಕ್ಷರ ಓದಲು ಬಾರದ ಹುಡುಗ ಕಲ್ಲನ್ನು ನನಗಿಂತ ಸರಿಯಾಗಿ ಓದಿದ್ದ.

ಶಾಸನಗಳಲ್ಲಿ ಈ ಕಥೆ ‘ತುರುವಂ ಮಗುಳ್ಚಿ ಸತ್ತಂ’ ಅಂತ ಮುಗಿಯುತ್ತದೆ. ದನಗಳನ್ನು ಹಿಂದಿರುಗಿಸಿ ಸತ್ತ, ಅಷ್ಟೇ. ಎಷ್ಟೋ ವೀರಗಲ್ಲುಗಳಲ್ಲಿ ‘ಕಾ ಚಿಂತಾ ಮರಣೇ ರಣೇ’ ಅನ್ನೋ ಸಂಸ್ಕೃತ ಶ್ಲೋಕವೂ ಇರುತ್ತದೆ. ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ, ಮತ್ತೆ ಯುದ್ಧದಲ್ಲಿ ಸಾಯೋಕೆ ಚಿಂತೆ ಯಾಕೆ ಅಂತ. ನನಗೆ ಆ ಶ್ಲೋಕ ಅಷ್ಟಕ್ಕಷ್ಟೆ. ಸಾಯಬೇಕಾದವನು ಬರೆದದ್ದಲ್ಲ ಅದು, ಸಾಯೋಕೆ ಕಳಿಸಿದವರು ಬರೆಸಿದ್ದು. ಕನ್ನಡದ ಆ ಎರಡು ಮೂರು ಪದ ಎಷ್ಟೋ ವಾಸಿ.

ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಕತ್ತಿಯ ರಕ್ತ ತೊಳೆದದ್ದಕ್ಕೆ ಕೊಡೋ ದತ್ತಿ ಬಾಳ್ಗಳ್ಚು. ಕನ್ನಡದ ತೀರಾ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನ, ಸುಮಾರು 450ರದು, ಹೇಳೋದೇ ಇದನ್ನು: ವಿಜಾರಸ ಅನ್ನೋ ವೀರನಿಗೆ ಬಾಳ್ಗಳ್ಚಾಗಿ ಊರು ಕೊಟ್ಟರು ಅಂತ. ಋಣ ಎರಡೂ ಕಡೆಯದು. ಆಳು ಜೋಳದ ಋಣ ತೀರಿಸಿದರೆ ಒಡೆಯ ನೆತ್ತರಿನ ಋಣ ತೀರಿಸಬೇಕು. ಈಗಿನ ಪಿಂಚಣಿಗೆ ಅಲೆದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲೊಂದು ಸಣ್ಣ ಕಥೆ ಹೇಳಿಬಿಡುತ್ತೇನೆ, ವಿಷಯಕ್ಕೆ ಅಷ್ಟು ಬೇಕಾಗಿಲ್ಲ. ಮಂಡ್ಯ ಕಡೆಯ ಆತಕೂರು ಶಾಸನ. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಾಡಿದ. ಗಂಗರ ಅರಸ ಬೂತುಗ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಅರಸನ ಹತ್ತಿರ ಇದ್ದ ಕಾಳಿ ಅನ್ನೋ ನಾಯಿ ಕೇಳಿದ. ಆ ನಾಯಿ ಮುಂದೆ ಹಂದಿಯ ಜೊತೆ ಹೋರಾಡಿ ಸತ್ತಿತು. ಅದಕ್ಕೂ ಕಲ್ಲು ನಿಲ್ಲಿಸಿದರು. ನಿಮ್ಮ ತಮ್ಮನಿಗೆ ಹೇಳಿ, ಇದು ಅವನಿಗೆ ಹಿಡಿಸಬಹುದು.

ನಮ್ಮ ಸೀಮೆಯದೇ ಕಥೆ ಬೇಕು ಅಂದರೆ ಕುಮಾರರಾಮ ಇದ್ದಾನೆ. ಬಳ್ಳಾರಿ ಜಿಲ್ಲೆಯ ಕಂಪ್ಲಿ ಅಪ್ಪ ಕಂಪಿಲರಾಯನ ಊರು. ಕುಮ್ಮಟದುರ್ಗ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ, ಗಂಗಾವತಿ ಕಡೆಯ ಗುಡ್ಡಗಳಲ್ಲಿ. ನಿಮಗೆ ಒಂದು ದಿನದ ದಾರಿಯೂ ಅಲ್ಲ. ಮುಹಮ್ಮದ್ ಬಿನ್ ತುಘಲಕನ ಮೇಲೆ ದಂಗೆ ಎದ್ದ ಅವನ ಸಂಬಂಧಿಯೊಬ್ಬ ಓಡಿ ಬಂದು ಕಂಪಿಲನ ಮರೆಹೊಕ್ಕ. ಬಿಟ್ಟುಕೊಡು ಅಂದರು, ಕಂಪಿಲ ಕೊಡಲಿಲ್ಲ. 1327ರ ಹೊತ್ತಿಗೆ ರಾಜ್ಯವೇ ಹೋಯಿತು. ಇಬ್ನ್ ಬತೂತ ಕೂಡ ಇದನ್ನು ಬರೆದಿಟ್ಟಿದ್ದಾನೆ. ಮರೆಹೊಕ್ಕವನನ್ನು ಬಿಟ್ಟುಕೊಡೋದಿಲ್ಲ ಅನ್ನೋ ಒಂದು ಮಾತಿಗಾಗಿ.

ಸುಮಾರು 200 ವರ್ಷ ಕಳೆದ ಮೇಲೆ ನಂಜುಂಡ ಕವಿ ಇದನ್ನು ಸಾಂಗತ್ಯ ಅನ್ನೋ ಹಾಡುಗಬ್ಬದಲ್ಲಿ ಹಾಡಿದ. ಅವನ ರಾಮ ಬರೀ ಕತ್ತಿ ಹಿಡಿದವನಲ್ಲ, ಪರನಾರೀಸೋದರ. ಮಲತಾಯಿ ರತ್ನಾಜಿ ಆಸೆಪಟ್ಟಾಗ ಒಲ್ಲೆ ಅಂದ. ಅವಳು ಸುಳ್ಳು ದೂರು ಕೊಟ್ಟಳು. ಅಪ್ಪನೇ ಮಗನ ತಲೆ ತೆಗೆಯಿರಿ ಅಂದ. ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಅಡಗಿಸಿಟ್ಟ. ಆಮೇಲೆ ದಿಲ್ಲಿಯ ದಂಡು ಬಂತು. ತನ್ನ ತಲೆ ತೆಗೆಸಲು ಹೊರಟ ಅಪ್ಪನ ಕೋಟೆಗಾಗಿಯೇ ರಾಮ ಹೊರಗೆ ಬಂದು ಕಾದಾಡಿದ, ಆಮೇಲೆ ಮತ್ತೆ ಬಂದ ದಂಡಿನ ಎದುರು ಸತ್ತ. ಜನಕ್ಕೆ ಇವನು ಬರೀ ಕಥೆಯಲ್ಲ, ದೇವರು. ದರೋಜಿಯ ಬುರ್ರಕಥಾ ಈರಮ್ಮ ಓದು ಬರಹ ಕಲಿತವರಲ್ಲ. ಕುಮಾರರಾಮನ ಕಥೆಯನ್ನು ನೆನಪಿನಿಂದಲೇ ಹಾಡುತ್ತಿದ್ದರು. 2014ರಲ್ಲಿ ತೀರಿಕೊಂಡರು. ಒಂದೇ ಕಥೆ ಅರಮನೆಯ ಬಾಯಲ್ಲೂ ಇದೆ, ಜನರ ಬಾಯಲ್ಲೂ ಇದೆ. ಅದಕ್ಕೇ ನಾನು ಇದನ್ನು ಜಾಸ್ತಿ ನಂಬುತ್ತೇನೆ.

ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ನಿಮಗೆ ಗೊತ್ತಿರೋವೇ. ಅವು ಸಿಟ್ಟಿನ ಪದಗಳು, ಸಭೆಯಲ್ಲಿ ಚೆನ್ನಾಗಿ ಏರುತ್ತವೆ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಕೊನೆಯ ಸಲ ನಿಂತದ್ದು ನಮ್ಮ ಕೊಪ್ಪಳದ ಕೋಟೆಯಲ್ಲೇ ಅನ್ನೋದನ್ನೂ ಬೇಕಾದರೆ ಸೇರಿಸಿಕೊಳ್ಳಿ.

ಆದರೆ ಮೊಹರಂ ಪದಗಳನ್ನು ಬಿಡಬೇಡಿ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೀವು ನೋಡಿರಬೇಕು. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನ್ ಮತ್ತು ಅವನ ಕಡೆಯವರು ಕಾದಾಡಿ ಸತ್ತದ್ದನ್ನು ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕೋ ಗುಂಡಿಯ, ಸುತ್ತ ನಿಂತು ನಮ್ಮವರು ಕನ್ನಡದಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಸಾಬರೂ ಇರುತ್ತಾರೆ, ಕುರುಬರೂ ಇರುತ್ತಾರೆ, ನಾಯಕರೂ ಇರುತ್ತಾರೆ. ಮದುಮಗನಾಗಿಯೇ ರಣಕ್ಕೆ ಹೊರಟ ಕಾಸಿಂ, ಮಕ್ಕಳ ಬಾಯಾರಿಕೆ ನೋಡಲಾರದೆ ನೀರಿಗೆ ಹೋದ ಅಬ್ಬಾಸ್. ಅಬ್ಬಾಸನ ಕೈಯಲ್ಲಿ ಇದ್ದದ್ದು ನೀರಿನ ಚೀಲ. ನದಿ ಕಣ್ಣೆದುರಿಗೇ ಇದೆ, ತಾನು ಕುಡಿಯದೆ ತುಂಬಿಕೊಂಡು ಬಂದ. ದಾರಿಯಲ್ಲಿ ಅವನ ಎರಡೂ ಕೈ ಕಡಿದರು. ಬೇಸಿಗೆಯಲ್ಲಿ ಕೊಡ ಹೊತ್ತು ನಡೆದ ನಮ್ಮ ಕಡೆ ಹೆಣ್ಣುಮಕ್ಕಳು ಈ ಪದ ಕೇಳಿ ಸೆರಗು ಕಣ್ಣಿಗೆ ಹಚ್ಚೋದನ್ನು ನಾನು ನೋಡಿದ್ದೇನೆ. ಈ ಪದಗಳಲ್ಲಿ ಕೊಂದವರ ಲೆಕ್ಕ ಇಲ್ಲ, ಗೆಲುವಿನ ಡಂಗುರ ಇಲ್ಲ.

ಉಬ್ಬಿಸಿ ಬರೆದದ್ದೂ ಬೇಕಾದಷ್ಟಿದೆ, ಸುಳ್ಳು ಹೇಳಲಾರೆ. ಅರಸನ ಅನ್ನ ಉಂಡ ಕವಿ ಅರಸನನ್ನು ಹೊಗಳಲೇಬೇಕು. ಅದು ಕವಿಯ ಜೋಳದ ಪಾಳಿ. ರಕ್ತದ ಹೊಳೆ, ರುಂಡದ ರಾಶಿ, ಒಂದೇ ಬಾಣಕ್ಕೆ ಸಾವಿರ ತಲೆ, ಪುಟಗಟ್ಟಲೆ ಸಿಗುತ್ತದೆ. ಅದನ್ನು ದಾಟಿಕೊಂಡು ಓದಬೇಕು. ಕುಮಾರವ್ಯಾಸನೂ ಇದಕ್ಕೆ ಹೊರತಲ್ಲ. ಆದರೆ ಉತ್ತರನ ಕಥೆಯಲ್ಲಿ ಅವನೇ ಇದನ್ನೆಲ್ಲ ಗೇಲಿ ಮಾಡಿ ಮುಗಿಸಿದ್ದಾನೆ. ಹೆಂಗಸರ ಮುಂದೆ ಮೀಸೆ ತಿರುವಿದ ಹುಡುಗ ಕೌರವರ ದಂಡು ಕಂಡ ಕೂಡಲೇ ರಥದಿಂದ ಹಾರಿ ಓಡುತ್ತಾನೆ. ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಾನೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಅನ್ನೋ ಗಾದೆ ಇನ್ನೂ ಬದುಕಿದೆ. ಓಡಿದ ಅದೇ ಹುಡುಗ ಆಮೇಲೆ ಅರ್ಜುನನಿಗೆ ಸಾರಥಿಯಾಗಿ ಲಗಾಮು ಹಿಡಿದು ಆ ದಂಡಿನ ಎದುರಿಗೇ ಹೋದ. ಗಾದೆ ಮಾಡಿದವರು ಇದನ್ನು ಮರೆತರು.

ಈಗ ನಿಮ್ಮ ಸಭೆಗೆ ಬರೋಣ. ಕರ್ಣನ ಪದ್ಯ ಓದಿ, ಆರೇ ಸಾಲು. ಕೃಷ್ಣ ಕರೆದದ್ದು, ಕರ್ಣ ಅತ್ತದ್ದು, ಇಷ್ಟನ್ನು ಮೊದಲು ನಿಮ್ಮ ಮಾತಿನಲ್ಲೇ ಹೇಳಿ. ನಮ್ಮ ಬಯಲಾಟದ ಊರುಗಳಲ್ಲಿ ಕರ್ಣ ಯಾರು ಅಂತ ಯಾರಿಗೂ ಪರಿಚಯ ಮಾಡಿಸಬೇಕಿಲ್ಲ. ಷಟ್ಪದಿ ಅಂತ ರಾಗ ಎಳೆಯಬೇಡಿ, ಮೈಕಿನಲ್ಲಿ ಕಿರುಚಬೇಡಿ. ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆ ತಾನೇ ನಡೆಸಿಕೊಂಡು ಹೋಗುತ್ತದೆ. ‘ಪತಿಯವಸರಕ್ಕೆ’ ಅಂದಾಗ ಸ್ವಲ್ಪ ನಿಲ್ಲಿ. ಆಮೇಲೆ ‘ಶರೀರವನು’ ಅಂತ ಒಂದೇ ಉಸಿರಿಗೆ ಕೂಡಿಸಿ ಓದಿ. ಅಲ್ಲಿ ದನಿ ಏರಿಸಬೇಡಿ, ಇಳಿಸಿ. ಇನ್ನೂ ಹೊತ್ತು ಉಳಿದರೆ ಕಾಳಿ ನಾಯಿಯ ಕಥೆ ಹೇಳಿ, ಮಕ್ಕಳೂ ಕೇಳುತ್ತಾರೆ. ಮತ್ತೆ ಸಭೆಗೆ ಮುಂಚೆ ಒಂದು ಸಲ ತಮ್ಮನಿಗೆ ಫೋನಿನಲ್ಲಿ ಆ ಆರು ಸಾಲು ಓದಿ ಕೇಳಿಸಿ. ಬೇಡ ಅಂದರೆ ನನಗೆ ಬರೆಯಿರಿ, ಅಭಿಮನ್ಯುವಿನ ಪದ್ಯ ಪೂರ್ತಿ ಅರ್ಥ ಸಮೇತ ಕಳಿಸುತ್ತೇನೆ.